ಕೆಎಫ್‌ಡಬ್ಲ್ಯೂನಿಂದ ಆಲ್ಮಿವರೆಗೆ: ಯುರೋಪಿನ ಸರ್ಕಾರಿ ಅಭಿವೃದ್ಧಿ ಬ್ಯಾಂಕುಗಳಲ್ಲಿ ಯಾವುದು ಯಾರಿಗೆ

ಮ್ಯೂನಿಕ್‌ನಲ್ಲೋ ಡುಸೆಲ್‌ಡಾರ್ಫ್‌ನಲ್ಲೋ ಸಣ್ಣ ಉದ್ಯಮ ಶುರುಮಾಡಲು ಹೊರಟವರ ಕಿವಿಗೆ ಮೊದಲು ಬೀಳುವ ಹೆಸರು ಕೆಎಫ್‌ಡಬ್ಲ್ಯೂ, ಜರ್ಮನಿಯ ಸರ್ಕಾರಿ ಅಭಿವೃದ್ಧಿ ಬ್ಯಾಂಕು. ಬಡ್ಡಿ ಕಡಿಮೆ, ಅವಧಿ ದೀರ್ಘ, ಮೊದಲ ಒಂದೆರಡು ವರ್ಷ ಅಸಲು ಕಟ್ಟಬೇಕಿಲ್ಲ ಎಂದು ಯಾರೋ ಹೇಳಿರುತ್ತಾರೆ. ಫ್ರಾಂಕ್‌ಫರ್ಟಿನಲ್ಲಿರುವ ಅದರ ಕಚೇರಿಯ ವಿಳಾಸ ಹುಡುಕುತ್ತಾರೆ. ಕಚೇರಿ ಇದೆ, ದೊಡ್ಡದೇ ಇದೆ. ಆದರೆ ಉದ್ಯಮ ಸಾಲದ ಅರ್ಜಿ ತೆಗೆದುಕೊಳ್ಳುವ ಕೌಂಟರು ಅಲ್ಲಿಲ್ಲ. ಅದೇ ವ್ಯಕ್ತಿ ಸ್ಟಾಕ್‌ಹೋಮಿನಲ್ಲಿದ್ದರೆ ಸ್ವೀಡನ್ನಿನ ಸರ್ಕಾರಿ ಸಾಲ ಸಂಸ್ಥೆ ಆಲ್ಮಿಯ ಕಚೇರಿಗೆ ನೇರವಾಗಿ ಹೋಗಿ ಅಧಿಕಾರಿಯ ಎದುರು ಕೂತು ಮಾತಾಡಬಹುದು. ಆದರೆ ಅಲ್ಲಿ ಬಡ್ಡಿ ಪಕ್ಕದ ಬೀದಿಯ ಬ್ಯಾಂಕಿಗಿಂತ ಜಾಸ್ತಿ. ಎರಡೂ ಸರ್ಕಾರದವೇ, ಎರಡೂ ಸಣ್ಣ ಉದ್ಯಮಕ್ಕೆ ನೆರವಾಗಲೆಂದೇ ಇರುವವು. ಹಾಗಿದ್ದೂ ಇಷ್ಟು ಅಂತರ.

ಇವುಗಳನ್ನು ಆಸ್ತಿಯ ಗಾತ್ರದ ಮೇಲೆ ಸಾಲಾಗಿ ನಿಲ್ಲಿಸಿ ಹೋಲಿಸುವ ಪಟ್ಟಿಗಳು ಬೇಕಾದಷ್ಟಿವೆ. ಸಾಲ ಬೇಕಾದವರಿಗೆ ಅವುಗಳಿಂದ ಮೂರು ಕಾಸಿನ ಉಪಯೋಗವಿಲ್ಲ. ಕೇಳಬೇಕಾದದ್ದು ಮೂರೇ ಪ್ರಶ್ನೆ. ಅರ್ಜಿ ಯಾರ ಮೇಜಿಗೆ ಹೋಗುತ್ತದೆ? ಸಾಲ ಮುಳುಗಿದರೆ ನಷ್ಟ ಯಾರ ತಲೆಗೆ? ಕೊಡುವ ಹಣ ಎಲ್ಲಿಂದ ಬರುತ್ತದೆ? ಇವುಗಳಲ್ಲಿ ಎರಡನೆಯದು ಗೊತ್ತಾದರೆ, ಬ್ಯಾಂಕಿನವರು ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೋ ಬಾಗಿಲಲ್ಲೇ ಸಾಗಹಾಕುತ್ತಾರೋ ಎಂಬುದು ಮುಕ್ಕಾಲುಪಾಲು ಗೊತ್ತಾದಂತೆ.

ನಮ್ಮ ಕಡೆಯ ಹೆಸರುಗಳಲ್ಲಿ ಹೇಳುವುದಾದರೆ, ಬೇರೆ ಬ್ಯಾಂಕುಗಳಿಗೆ ಮರುಸಾಲ ಕೊಡುವ ಸಿಡ್ಬಿಯ ಹಳೆಯ ಕೆಲಸವನ್ನು ನೆನೆದರೆ ಜರ್ಮನಿಯ ಪದ್ಧತಿ ಅರ್ಥವಾಗುತ್ತದೆ. 1959ರಿಂದ ಉದ್ಯಮಿಗೆ ನೇರವಾಗಿ ಸಾಲ ಕೊಡುತ್ತಾ ಬಂದಿರುವ ಕೆಎಸ್‌ಎಫ್‌ಸಿಯನ್ನು ನೆನೆದರೆ ಸ್ವೀಡನ್, ಫಿನ್ಲೆಂಡಿನ ಪದ್ಧತಿ. ಸಾಲ ಕೊಡದೆ ಖಾತರಿ ಮಾತ್ರ ಕೊಡುವ ಸಿಜಿಟಿಎಂಎಸ್‌ಇಯನ್ನು ನೆನೆದರೆ ಪೋಲೆಂಡು, ಇಟಲಿಯ ಪದ್ಧತಿ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ದಾರಿ ತಪ್ಪದಿರಲು ಸಾಕು.

ಜರ್ಮನಿ: ಹಣ ಕೆಎಫ್‌ಡಬ್ಲ್ಯೂದು, ಬಾಗಿಲು ನಿಮ್ಮ ಬ್ಯಾಂಕಿನದು

ಕೆಎಫ್‌ಡಬ್ಲ್ಯೂ ಹುಟ್ಟಿದ್ದು 1948ರಲ್ಲಿ, ಮಾರ್ಷಲ್ ಯೋಜನೆಯ ಹಣವನ್ನು ಯುದ್ಧದಲ್ಲಿ ನೆಲಕಚ್ಚಿದ ದೇಶಕ್ಕೆ ಹಂಚಲು. ಶೇ 80 ಪಾಲು ಒಕ್ಕೂಟ ಸರ್ಕಾರದ್ದು, ಶೇ 20 ರಾಜ್ಯಗಳದ್ದು. 2024ರ ಕೊನೆಗೆ ಅದರ ಆಸ್ತಿ 50,000 ಕೋಟಿ ಯೂರೋ ದಾಟಿತ್ತು. ಜನರಿಂದ ಠೇವಣಿ ತೆಗೆದುಕೊಳ್ಳುವುದಿಲ್ಲ, ಶಾಖೆಗಳ ಜಾಲವಿಲ್ಲ, ಲಾಭವನ್ನು ಡಿವಿಡೆಂಡಾಗಿ ಹಂಚುವುದಿಲ್ಲ. ಬಾಂಡು ಮಾರಿ ಹಣ ಎತ್ತುತ್ತದೆ. ಆ ಬಾಂಡುಗಳಿಗೆ ಒಕ್ಕೂಟ ಸರ್ಕಾರ ಕಾನೂನಿನಲ್ಲೇ ನೇರ ಹೊಣೆ ಹೊತ್ತಿರುವುದರಿಂದ ಹೆಚ್ಚುಕಡಿಮೆ ಸರ್ಕಾರಕ್ಕೆ ಸಿಗುವ ದರದಲ್ಲೇ ಸಾಲ ಸಿಗುತ್ತದೆ. ಅಗ್ಗದ ಬಡ್ಡಿಯ ಗುಟ್ಟು ಇಷ್ಟೇ.

ಖಾಸಗಿ ಬ್ಯಾಂಕುಗಳ ಹೊಟ್ಟೆಯ ಮೇಲೆ ಹೊಡೆಯಬಾರದೆಂದು, ಸಾಲವನ್ನು ಬೇರೆ ಬ್ಯಾಂಕುಗಳ ಮೂಲಕವೇ ಕೊಡಬೇಕೆಂಬ ನಿಯಮ ಕೆಎಫ್‌ಡಬ್ಲ್ಯೂ ಕಾಯ್ದೆಯಲ್ಲಿದೆ. ಇದನ್ನು ಜರ್ಮನರು ಹೌಸ್‌ಬ್ಯಾಂಕ್ ತತ್ವ ಎನ್ನುತ್ತಾರೆ. ಹೌಸ್‌ಬ್ಯಾಂಕ್ ಎಂದರೆ ನೀವು ವ್ಯವಹಾರ ಇಟ್ಟುಕೊಂಡಿರುವ ಬ್ಯಾಂಕು. ನಿಮ್ಮ ಬ್ಯಾಂಕು ಸ್ಪಾರ್ಕಾಸ್ಸೆ, ಅಂದರೆ ಊರಿನ ಉಳಿತಾಯ ಬ್ಯಾಂಕು, ಆಗಿದ್ದರೆ ಅರ್ಜಿ ನಡುವೆ ಲಾಂಡೆಸ್‌ಬ್ಯಾಂಕ್ ಎಂಬ ರಾಜ್ಯಮಟ್ಟದ ಬ್ಯಾಂಕನ್ನೋ ರಾಜ್ಯದ ಪ್ರೋತ್ಸಾಹಕ ಬ್ಯಾಂಕನ್ನೋ ಹಾದು ಹೋಗುತ್ತದೆ. ಫೋಲ್ಕ್ಸ್‌ಬ್ಯಾಂಕ್ ಎಂಬ ಸಹಕಾರಿ ಬ್ಯಾಂಕು ಆಗಿದ್ದರೆ ಸಹಕಾರಿ ಬ್ಯಾಂಕುಗಳ ಕೇಂದ್ರವಾದ ಡಿಝಡ್ ಬ್ಯಾಂಕನ್ನು. ಹೀಗೆ ನಾಲ್ಕು ಕೈ ದಾಟುವುದರಿಂದ, ತಡವಾದಾಗ ಕೆಎಫ್‌ಡಬ್ಲ್ಯೂಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಕಾಗದ ಸಾಮಾನ್ಯವಾಗಿ ಮೊದಲ ಮೇಜಿನಲ್ಲೇ ಕೂತಿರುತ್ತದೆ.

ಜಾಹೀರಾತಿನಲ್ಲಿ "ಇಷ್ಟರಿಂದ ಶುರು" ಎಂದು ಕಾಣುವ ಬಡ್ಡಿದರ ಬಹಳ ಜನರಿಗೆ ಸಿಗುವುದಿಲ್ಲ. ಕಾರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹೆಚ್ಚಿನ ಕೆಎಫ್‌ಡಬ್ಲ್ಯೂ ಉದ್ಯಮ ಸಾಲಗಳಲ್ಲಿ ಬ್ಯಾಂಕು ನಿಮಗೆ ಎರಡು ಅಂಕ ಹಾಕುತ್ತದೆ. ಮೊದಲನೆಯದು ನಿಮ್ಮ ಆರ್ಥಿಕ ಸ್ಥಿತಿಗೆ, 1ರಿಂದ 7ರವರೆಗೆ. ಎರಡನೆಯದು ಅಡಮಾನಕ್ಕೆ, 1ರಿಂದ 3ರವರೆಗೆ. ನೀವು ಸುಸ್ತಿದಾರರಾದರೆ ಅಡಮಾನ ಮಾರಿ ಸಾಲದ ಶೇ 70ರಷ್ಟಾದರೂ ವಸೂಲಾಗುವಂತಿದ್ದರೆ 1, ಶೇ 40ರಿಂದ 70ರ ನಡುವೆ 2, ಅದಕ್ಕೂ ಕಡಿಮೆಯಾದರೆ 3. ಎರಡೂ ಸೇರಿ ಎ ಇಂದ ಐ ವರೆಗಿನ 9 ದರ್ಜೆಗಳಲ್ಲಿ ಒಂದು ನಿಮ್ಮದಾಗುತ್ತದೆ. ಪ್ರತಿ ದರ್ಜೆಗೂ ಕೆಎಫ್‌ಡಬ್ಲ್ಯೂ ಗರಿಷ್ಠ ಬಡ್ಡಿ ಪ್ರಕಟಿಸುತ್ತದೆ. ಬ್ಯಾಂಕು ಅದಕ್ಕಿಂತ ಕಡಿಮೆ ಹಾಕಬಹುದು, ಹೆಚ್ಚು ಹಾಕುವಂತಿಲ್ಲ. ಜಾಹೀರಾತಿನ ದರ ಎ ದರ್ಜೆಯದು. ಹಳೆಯ ಕಂಪನಿ, ಸ್ವಂತ ಕಟ್ಟಡ, ಮೂರು ವರ್ಷದ ಲಾಭದ ಲೆಕ್ಕ ಇದ್ದವರಿಗೆ ಅದು. ಹೊಸಬರ ಲೆಕ್ಕ ಅಕ್ಷರಮಾಲೆಯ ಕೆಳಗಿನ ತುದಿಯಿಂದ ಶುರುವಾಗುತ್ತದೆ. ನಿಮ್ಮನ್ನು ಯಾವ ದರ್ಜೆಗೆ ಹಾಕಿದ್ದಾರೆ, ಅಡಮಾನಕ್ಕೆ ಎಷ್ಟು ಬೆಲೆ ಕಟ್ಟಿದ್ದಾರೆ ಎಂದು ಬಾಯಿಬಿಟ್ಟು ಕೇಳಿ. ಅಡಮಾನದ ಬೆಲೆಯ ವಿಷಯದಲ್ಲಿ ವಾದ ಮಾಡಲು ಜಾಗವಿರುತ್ತದೆ, ಆರ್ಥಿಕ ಸ್ಥಿತಿಯ ಅಂಕದ ವಿಷಯದಲ್ಲಿ ಅಷ್ಟಾಗಿ ಇರುವುದಿಲ್ಲ.

ಹೊಸ ಉದ್ಯಮಕ್ಕೆಂದೇ ಇರುವ ಸ್ಟಾರ್ಟ್‌ಗೆಲ್ಡ್ ಸಾಲದ ರೀತಿ ಬೇರೆ. ಅಲ್ಲಿ ಈ ದರ್ಜೆಗಳ ಗೋಜಿಲ್ಲ, ಎಲ್ಲರಿಗೂ ಒಂದೇ ದರ. ಬಹುಕಾಲ 1,25,000 ಯೂರೋ ಇದ್ದ ಅದರ ಮಿತಿಯನ್ನು ಈಚೆಗೆ ಏರಿಸಿದ್ದಾರೆ. ಇದರಲ್ಲಿ ಬ್ಯಾಂಕಿಗೆ ಶೇ 80ರಷ್ಟು ಹೊಣೆಯಿಂದ ಬಿಡುಗಡೆ ಇದೆ. ಅಂದರೆ 1,00,000 ಯೂರೋ ಸಾಲ ಮುಳುಗಿದರೆ ನಷ್ಟದಲ್ಲಿ ಬ್ಯಾಂಕಿನ ಪಾಲು ಶೇ 20 ಮಾತ್ರ.

ಇಲ್ಲೇ ದೊಡ್ಡ ತಪ್ಪು ತಿಳಿವಳಿಕೆ ಆಗುವುದು. ಬಿಡುಗಡೆ ಸಿಕ್ಕಿರುವುದು ಬ್ಯಾಂಕಿಗೆ, ನಿಮಗಲ್ಲ. ನೀವು ಕೊನೆಯ ಯೂರೋವರೆಗೂ ಸಾಲಗಾರರೇ. ಅಂಗಡಿ ಮುಚ್ಚಿದರೆ ಬ್ಯಾಂಕು ಕೆಎಫ್‌ಡಬ್ಲ್ಯೂ ಪರವಾಗಿಯೂ ವಸೂಲಿಗೆ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. "ಸರ್ಕಾರ ಶೇ 80 ಖಾತರಿ ಕೊಟ್ಟಿದೆ" ಎಂಬ ಮಾತು ಯುರೋಪಿನ ಯಾವ ದೇಶದಲ್ಲಿ ಕೇಳಿದರೂ, ಅದು ಸಾಲ ಕೊಟ್ಟವರಿಗೆ ಕೊಟ್ಟ ಖಾತರಿ ಎಂದೇ ಓದಿಕೊಳ್ಳಬೇಕು.

ಎರಡನೆಯ ಎಡವಟ್ಟು ಆಗುವುದು ತಾರೀಕಿನಲ್ಲಿ. ಅರ್ಜಿ ಮೊದಲು, ಖರೀದಿ ಆಮೇಲೆ. ಹೋಟೆಲಿಗೆ ಕಾಫಿ ಯಂತ್ರದ ಆರ್ಡರ್ ಕೊಟ್ಟು, ಮುಂಗಡ ಕಟ್ಟಿ, ನಂತರ ಬ್ಯಾಂಕಿಗೆ ಹೋದರೆ ಆ ಯಂತ್ರದ ಖರ್ಚು ಸಾಲದ ಲೆಕ್ಕಕ್ಕೆ ಬರುವುದಿಲ್ಲ. ಸಹಿ ಹಾಕಿದ ಖರೀದಿ ಕರಾರನ್ನೇ ಯೋಜನೆಯ ಆರಂಭವೆಂದು ಎಣಿಸುತ್ತಾರೆ. ನಕ್ಷೆ ಮಾಡಿಸುವುದು, ಸಲಹೆಗಾರರಿಗೆ ಶುಲ್ಕ ಕೊಡುವುದು ಆರಂಭವಲ್ಲ. ಬೆಲೆಪಟ್ಟಿ ತರಿಸಿಕೊಳ್ಳಿ, ಸಹಿ ಮಾತ್ರ ಹಾಕಬೇಡಿ.

ಭಾರತದ ಪಾಸ್‌ಪೋರ್ಟಿನಲ್ಲಿ ಅಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿ ಕೊಟ್ಟಿರುವುದು ನೌಕರಿಗಾಗಿ. ಸ್ವಂತ ಉದ್ಯಮ ಮಾಡಲು ವಿದೇಶಿಯರ ಕಚೇರಿಯಿಂದ ಬೇರೆ ಅನುಮತಿ ಬೇಕು. ಬ್ಯಾಂಕಿನ ಮೇಜಿನಲ್ಲಿ ಮೊದಲು ನೋಡುವುದೇ ಅದನ್ನು. 10 ವರ್ಷದ ಸಾಲ ಕೇಳಿ, ವಾಸದ ಪರವಾನಗಿ 14 ತಿಂಗಳಲ್ಲಿ ಮುಗಿಯುವಂತಿದ್ದರೆ ಉಳಿದ ಕಾಗದ ಎಷ್ಟು ಚೆನ್ನಾಗಿದ್ದರೂ ಮಾತು ಮುಂದಕ್ಕೆ ಹೋಗುವುದು ಕಷ್ಟ.

ಇನ್ನು ಬ್ಯಾಂಕು ಕೈಯೆತ್ತಿಬಿಡುವ ಸಂದರ್ಭ. 20,000 ಯೂರೋ ಸಾಲಕ್ಕೂ 2,00,000 ಯೂರೋ ಸಾಲಕ್ಕೂ ಕಾಗದದ ಕೆಲಸ ಒಂದೇ, ಸಿಗುವ ಮಾರ್ಜಿನ್ ಹತ್ತರಲ್ಲಿ ಒಂದು ಪಾಲು. ಸಣ್ಣ ಸಾಲವೆಂದರೆ ಬ್ಯಾಂಕಿನವರು ಮೂಗು ಮುರಿಯುವುದು ಇದಕ್ಕೇ. ಆಗ ರಾಜ್ಯದ ಸಂಸ್ಥೆಗಳನ್ನು ನೋಡಬೇಕು. ಬವೇರಿಯಾಗೆ ಎಲ್‌ಎಫ್‌ಎ, ಬಾಡೆನ್-ವುರ್ಟೆಂಬರ್ಗಿಗೆ ಎಲ್-ಬ್ಯಾಂಕ್, ಬರ್ಲಿನ್ನಿಗೆ ಐಬಿಬಿ, ನಾರ್ತ್ ರೈನ್-ವೆಸ್ಟ್‌ಫೇಲಿಯಾಗೆ ಎನ್‌ಆರ್‌ಡಬ್ಲ್ಯೂ.ಬ್ಯಾಂಕ್. ಈ ಕೊನೆಯದರ ಮೈಕ್ರೋ ಸಾಲ 50,000 ಯೂರೋವರೆಗೆ ಹೌಸ್‌ಬ್ಯಾಂಕಿನ ಹಂಗಿಲ್ಲದೆ, ಸ್ಟಾರ್ಟರ್‌ಸೆಂಟರ್ ಎಂಬ ಸಲಹಾ ಕೇಂದ್ರದ ಮೂಲಕ ಸಿಗುತ್ತದೆ. ಅಡಮಾನ ಸಾಲದು ಎಂಬುದೊಂದೇ ಅಡ್ಡಿಯಾಗಿದ್ದರೆ, ಪ್ರತಿ ರಾಜ್ಯದಲ್ಲೂ ಇರುವ ಬುರ್ಗ್‌ಶಾಫ್ಟ್ಸ್‌ಬ್ಯಾಂಕ್, ಅಂದರೆ ಜಾಮೀನು ಬ್ಯಾಂಕು, ಸಾಲದ ಶೇ 80ರವರೆಗೆ ಜಾಮೀನು ನಿಲ್ಲುತ್ತದೆ.

ಸರ್ಕಾರದ ಖಾತರಿ ಇದ್ದಮಾತ್ರಕ್ಕೆ ಆಡಳಿತ ಚುರುಕಾಗಿರುತ್ತದೆ ಎಂದೇನಿಲ್ಲ. 2008ರ ಸೆಪ್ಟೆಂಬರ್ 15ರಂದು, ಅಮೆರಿಕದ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ದಿನವೇ, ಕೆಎಫ್‌ಡಬ್ಲ್ಯೂ ಅದಕ್ಕೆ ಸುಮಾರು 30 ಕೋಟಿ ಯೂರೋ ಕಳಿಸಿಬಿಟ್ಟಿತ್ತು. ಹಿಂದೆಯೇ ನಿಗದಿಯಾಗಿದ್ದ ಪಾವತಿಯನ್ನು ಯಾರೂ ತಡೆದಿರಲಿಲ್ಲ. ಜರ್ಮನ್ ಪತ್ರಿಕೆಗಳು ದಡ್ಡ ಬ್ಯಾಂಕು ಎಂದು ಆಡಿಕೊಂಡದ್ದು ಆಗಲೇ.

ಫ್ರಾನ್ಸ್: ಎರಡು ಸಂಸ್ಥೆ, ಎರಡು ಜಗತ್ತು

ಫ್ರಾನ್ಸಿನಲ್ಲಿ ಕೇಸ್ ದೆ ದೆಪೋ, ಬಿಪಿಐಫ್ರಾನ್ಸ್ ಎಂಬ ಎರಡು ಸರ್ಕಾರಿ ಹಣಕಾಸು ಸಂಸ್ಥೆಗಳ ಹೆಸರು ಗೊಂದಲ ಹುಟ್ಟಿಸುತ್ತದೆ. ಕೇಸ್ ದೆ ದೆಪೋ 1816ರಲ್ಲಿ, ನೆಪೋಲಿಯನ್ನನ ಯುದ್ಧಗಳು ಖಜಾನೆಯನ್ನು ಬರಿದು ಮಾಡಿದ ಮೇಲೆ, ಜನರ ಹಣ ಇನ್ನೊಮ್ಮೆ ರಾಜನ ಕೈಗೆ ಸಿಗದಿರಲೆಂದು ಹುಟ್ಟಿದ್ದು. ಅದಕ್ಕೇ ಅದು ಇಂದಿಗೂ ಮಂತ್ರಿಗಳ ಕೈಕೆಳಗಿಲ್ಲ, ಸಂಸತ್ತಿನ ಮೇಲ್ವಿಚಾರಣೆಯಲ್ಲಿದೆ. ಫ್ರೆಂಚರ ಮನೆಮನೆಯಲ್ಲಿರುವ ಲೀವ್ರೆ ಆ ಎಂಬ ಉಳಿತಾಯ ಖಾತೆಯ ಹಣದಲ್ಲಿ ಹೆಚ್ಚಿನ ಪಾಲು, ಸುಮಾರು ಶೇ 60, ಇದರ ಉಳಿತಾಯ ನಿಧಿಗೆ ಬರುತ್ತದೆ. ಅಲ್ಲಿಂದ ಬಡವರ ಬಾಡಿಗೆ ಮನೆ ಕಟ್ಟುವ ಸಂಸ್ಥೆಗಳಿಗೆ ದಶಕಗಳಷ್ಟು ಉದ್ದದ ಸಾಲವಾಗಿ ಹೋಗುತ್ತದೆ.

ಹಣದ ಮೂಲ ಸಾಲಗಾರನನ್ನು ಹೇಗೆ ಕಟ್ಟಿಹಾಕುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆ ಗೃಹ ಸಾಲಗಳ ಬಡ್ಡಿ ಲೀವ್ರೆ ಆ ದರಕ್ಕೆ ಗಂಟುಬಿದ್ದಿದೆ. 2020ರಲ್ಲಿ ಶೇ 0.5 ಇದ್ದ ಆ ದರ 2023ರ ಫೆಬ್ರುವರಿಯಲ್ಲಿ ಶೇ 3 ಆಯಿತು. ಉಳಿತಾಯದಾರರು ಖುಷಿಪಟ್ಟರು, ವಸತಿ ಸಂಸ್ಥೆಗಳ ಬಡ್ಡಿ ಖರ್ಚು ಮಾತ್ರ ರಾತ್ರೋರಾತ್ರಿ ಏರಿ, ಹೊಸ ಮನೆಗಳ ಯೋಜನೆಗಳು ಹಿಂದೆ ಬಿದ್ದವು. ಬಾಂಡಿನಿಂದ ಹಣ ಎತ್ತುವ ಜರ್ಮನಿಯಲ್ಲಿ 10 ವರ್ಷಕ್ಕೆ ಸ್ಥಿರ ಬಡ್ಡಿ ಸಿಗುವುದು ಸಾಮಾನ್ಯ. ಯಾವಾಗ ಬೇಕಾದರೂ ಹಿಂತೆಗೆಯಬಹುದಾದ ಉಳಿತಾಯದ ಮೇಲೆ ನಿಂತ ಸಂಸ್ಥೆಗೆ ಬಡ್ಡಿ ಏರಿಳಿತದ ಹೊರೆಯನ್ನು ಸಾಲಗಾರನಿಗೆ ದಾಟಿಸುವುದು ಅನಿವಾರ್ಯವಾಗುತ್ತದೆ.

ಉದ್ಯಮಿಗೆ ಬೇಕಾದದ್ದು ಬಿಪಿಐಫ್ರಾನ್ಸ್. 2012ರ ಡಿಸೆಂಬರ್ 31ರ ಕಾನೂನಿನಿಂದ, ಓಸೆಯೋ ಮೊದಲಾದ ಹಳೆಯ ಸಂಸ್ಥೆಗಳನ್ನು ಒಗ್ಗೂಡಿಸಿ ಮಾಡಿದ್ದು. ಸರ್ಕಾರ ಮತ್ತು ಕೇಸ್ ದೆ ದೆಪೋ ಅದರ ಸಮಪಾಲಿನ ಮುಖ್ಯ ಒಡೆಯರು. ದೇಶದಲ್ಲಿ ಸುಮಾರು 50 ಪ್ರಾದೇಶಿಕ ಕಚೇರಿಗಳಿವೆ, ಬಹುಪಾಲು ತೀರ್ಮಾನಗಳು ಅಲ್ಲೇ ಆಗುತ್ತವೆ. ಪ್ಯಾರಿಸ್ಸಿಗೆ ಹೋಗಿ ಸಲಾಮು ಹೊಡೆಯಬೇಕಿಲ್ಲ.

ಅದರ ವಿಶೇಷ, ಅಡಮಾನವಿಲ್ಲದ ಸಾಲ. ಕಂಪನಿಯ ಆಸ್ತಿಯನ್ನೂ ಕೇಳುವುದಿಲ್ಲ, ಮಾಲೀಕರ ಸ್ವಂತ ಜಾಮೀನನ್ನೂ ಕೇಳುವುದಿಲ್ಲ. ಕೇಳಲು ಹಬ್ಬದೂಟ. ಆದರೆ ಷರತ್ತುಗಳನ್ನು ಲೆಕ್ಕ ಹಾಕಿ ನೋಡಬೇಕು. ಒಂದು, ಅಷ್ಟೇ ಮೊತ್ತವನ್ನು ಇನ್ನೊಂದು ಬ್ಯಾಂಕೋ ಹೂಡಿಕೆದಾರರೋ ಕೊಡಬೇಕು. ಎರಡು, ಸಾಲ ಸಾಮಾನ್ಯವಾಗಿ ಕಂಪನಿಯ ಸ್ವಂತ ಬಂಡವಾಳವನ್ನು ಮೀರುವಂತಿಲ್ಲ. ಮೂರು, ಇಂಥ ಅನೇಕ ಸಾಲಗಳಲ್ಲಿ ಶೇ 5ನ್ನು ತಡೆಹಿಡಿದು, ಸಾಲ ತೀರಿದ ಮೇಲೆ ವಾಪಸು ಕೊಡುತ್ತಾರೆ. 3,00,000 ಯೂರೋ ಸಾಲ ಮಂಜೂರಾದರೆ ಕೈಗೆ ಬರುವುದು 2,85,000, ಬಡ್ಡಿ ಓಡುವುದು ಪೂರ್ತಿ 3,00,000ದ ಮೇಲೆ. ಸಾಮಾನ್ಯ ಅವಧಿ 7 ವರ್ಷ, ಅದರಲ್ಲಿ ಮೊದಲ 2 ವರ್ಷ ಬಡ್ಡಿ ಮಾತ್ರ. ಯಂತ್ರ ಕೊಳ್ಳಲು ಬ್ಯಾಂಕು ಸಾಲ ಕೊಡುತ್ತದೆ, ಯಂತ್ರವನ್ನೇ ಅಡಮಾನ ಇಟ್ಟುಕೊಳ್ಳುತ್ತದೆ. ಕೆಲಸಗಾರರ ತರಬೇತಿ, ಸಾಫ್ಟ್‌ವೇರು, ಹೊಸ ಮಾರುಕಟ್ಟೆಯ ಹುಡುಕಾಟ ಇವುಗಳನ್ನು ಅಡಮಾನ ಇಡಲಾಗದು. ಈ ಸಾಲ ಇರುವುದು ಆ ಖರ್ಚಿಗೆ. ಸ್ವಂತ ಬಂಡವಾಳ 40,000 ಯೂರೋ ಇಟ್ಟುಕೊಂಡು 3,00,000 ಕೇಳಲು ಹೋದರೆ ಮೊದಲ ಪುಟದಲ್ಲೇ ಅರ್ಜಿ ನಿಲ್ಲುತ್ತದೆ.

ಜರ್ಮನಿ ಮತ್ತು ಫ್ರಾನ್ಸನ್ನು ಎದುರುಬದುರು ಇಟ್ಟರೆ, ಹೇಳಿಕೊಳ್ಳುವಂಥ ಆಸ್ತಿ ಇದ್ದು ದೀರ್ಘಕಾಲದ ಸ್ಥಿರ ಬಡ್ಡಿ ಬೇಕಾದವರಿಗೆ ಜರ್ಮನಿಯದೇ ಒಳ್ಳೆಯದು. ಆಸ್ತಿ ಇಲ್ಲದ, ವೇಗವಾಗಿ ಬೆಳೆಯುತ್ತಿರುವ, ಷೇರು ಬಂಡವಾಳ ತಂದಿರುವ ಕಂಪನಿಗೆ ಫ್ರಾನ್ಸಿನದು ಎಷ್ಟೋ ವಾಸಿ. ಬಿಪಿಐಫ್ರಾನ್ಸ್ ಒಂದೇ ಸೂರಿನಡಿ ಸಾಲ, ಖಾತರಿ, ಷೇರು ಹೂಡಿಕೆ, ಸಂಶೋಧನೆಗೆ ನೆರವು ಎಲ್ಲವನ್ನೂ ಕೊಡುತ್ತದೆ. ಜರ್ಮನಿಯಲ್ಲಿ ಇವಕ್ಕೆ ನಾಲ್ಕು ಕಡೆ ಅಲೆಯಬೇಕು.

ಇಟಲಿ, ಸ್ಪೇನ್, ಪೋಲೆಂಡ್: ಖಾತರಿ ಎಲ್ಲಿದೆ ಎಂದು ಹುಡುಕುವುದು

ಇಟಲಿಯಲ್ಲಿ ಕಾಸ್ಸಾ ದೆಪೋಸಿತಿ ಎ ಪ್ರೆಸ್ತಿತಿ ಎಂಬ ದೈತ್ಯನಿದೆ. 1850ರಲ್ಲಿ ತುರಿನ್‌ನಲ್ಲಿ ಶುರುವಾದದ್ದು, 2003ರಲ್ಲಿ ಷೇರು ಕಂಪನಿಯಾಯಿತು. ಶೇ 80ಕ್ಕೂ ಹೆಚ್ಚು ಪಾಲು ಹಣಕಾಸು ಸಚಿವಾಲಯದ್ದು, ಉಳಿದದ್ದರಲ್ಲಿ ಬಹುಪಾಲು ಬ್ಯಾಂಕಿಂಗ್ ಪ್ರತಿಷ್ಠಾನಗಳದ್ದು. ಅಂಚೆ ಕಚೇರಿಗಳಲ್ಲಿ ಜನ ಇಡುವ ಉಳಿತಾಯವೇ ಅದರ ಮುಖ್ಯ ಬಂಡವಾಳ. ಇಂಧನ ಕಂಪನಿ ಎನಿ, ವಿದ್ಯುತ್ ಜಾಲದ ತೆರ್ನಾ, ಅನಿಲ ಜಾಲದ ಸ್ನಾಮ್, ಕೊನೆಗೆ ಹೆದ್ದಾರಿಗಳಲ್ಲೂ ಅದರ ಪಾಲಿದೆ. ಪುರಸಭೆಗೆ ಶಾಲೆ ಕಟ್ಟಬೇಕಾದರೆ, ದೊಡ್ಡ ಕಂಪನಿಗೆ ದೀರ್ಘಾವಧಿ ಸಾಲ ಬೇಕಾದರೆ ಅದೇ ಸರಿ. ಹತ್ತು ಜನ ಕೆಲಸ ಮಾಡುವ ಕಾರ್ಖಾನೆಗೆ ಅದು ದೂರದ ಬೆಟ್ಟ. ಅವರು ಹುಡುಕಬೇಕಾದದ್ದು 1996ರ 662ನೇ ಕಾನೂನಿನ ಸಣ್ಣ ಉದ್ಯಮ ಖಾತರಿ ನಿಧಿಯನ್ನು. ಅದನ್ನು ನಡೆಸುವುದು ಮೇದಿಯೋಕ್ರೆದಿತೊ ಚೆಂತ್ರಾಲೆ ಎಂಬ ಬೇರೆ ಸರ್ಕಾರಿ ಬ್ಯಾಂಕು. ಸಾಲ ಊರಿನ ಬ್ಯಾಂಕಿನದು, ಗರಿಷ್ಠ ಶೇ 80 ಖಾತರಿ ನಿಧಿಯದು.

ಸ್ಪೇನಿನ ಐಸಿಒ ಹೊರಗಿನಿಂದ ಕೆಎಫ್‌ಡಬ್ಲ್ಯೂ ತರಹವೇ ಕಾಣುತ್ತದೆ: 1971ರಲ್ಲಿ ಹುಟ್ಟಿದ್ದು, ಬಾಂಡಿನ ಹಣ, ಬ್ಯಾಂಕುಗಳ ಮೂಲಕ ವಿತರಣೆ. "ಲೀನೆಯಾ ಐಸಿಒ" ಎಂಬ ಸಾಲವನ್ನು ಯಾವ ಬ್ಯಾಂಕಿನಲ್ಲಾದರೂ ಕೇಳಬಹುದು, ಬ್ಯಾಂಕಿನ ಬಡ್ಡಿಗೆ ಮೇಲ್ಮಿತಿಯೂ ಇದೆ. ಆದರೆ ಈ ಸಾಲದಲ್ಲಿ ಸಾಲಗಾರ ಕೈಕೊಟ್ಟರೆ ಪೂರ್ತಿ ನಷ್ಟ ಬ್ಯಾಂಕಿನದೇ. ಐಸಿಒ ಕೊಟ್ಟದ್ದು ಹಣವನ್ನು, ಧೈರ್ಯವನ್ನಲ್ಲ. "ಬೇರೆ ಸಾಲ ಸಿಗಲಿಲ್ಲ, ಐಸಿಒ ಸಾಲವಾದರೂ ಕೊಡಿ" ಎಂದು ಹೋಗುವವರು ಬರಿಗೈಲಿ ವಾಪಸಾಗುವುದು ಇದಕ್ಕೇ. 2020ರ ಕೋವಿಡ್ ಖಾತರಿ ಬೇರೆಯದು. ಅದರಲ್ಲಿ ಸಣ್ಣ ಉದ್ಯಮ ಮತ್ತು ಸ್ವಉದ್ಯೋಗಿಗಳ ಹೊಸ ಸಾಲಕ್ಕೆ ಶೇ 80 ಹೊಣೆಯನ್ನು ಐಸಿಒ ಮೂಲಕ ಸರ್ಕಾರ ಹೊತ್ತಿತ್ತು. ಎರಡಕ್ಕೂ ಒಂದೇ ಹೆಸರು ಅಂಟಿಕೊಂಡು ಗೊಂದಲವಾಗಿದೆ. ಅಡಮಾನವೇ ಇಲ್ಲದ ಹೊಸ ಕಂಪನಿಗೆ ಸ್ಪೇನಿನಲ್ಲಿ ದಾರಿ ಎನಿಸಾ. ಅದು ಬ್ಯಾಂಕಲ್ಲ, 1982ರಿಂದಿರುವ ಸರ್ಕಾರಿ ಕಂಪನಿ. 25,000ದಿಂದ 15,00,000 ಯೂರೋವರೆಗೆ ಜಾಮೀನಿಲ್ಲದೆ, ಲಾಭಕ್ಕೆ ತಕ್ಕಂತೆ ಬಡ್ಡಿ ಏರುವ ಸಾಲ ಕೊಡುತ್ತದೆ. ಕೇಳಿದ್ದಕ್ಕೆ ತಕ್ಕ ಸ್ವಂತ ಬಂಡವಾಳ ತೋರಿಸಬೇಕೆಂಬ ಮಾತು ಇಲ್ಲೂ ಇದೆ.

ಪೋಲೆಂಡಿನ ಬಿಜಿಕೆ 1924ರಷ್ಟು ಹಳೆಯದು. 2013ರಲ್ಲಿ ಅದು ಶುರುಮಾಡಿದ "ದೆ ಮಿನಿಮಿಸ್" (ಸಣ್ಣ ನೆರವು) ಖಾತರಿಯಷ್ಟು ಸರಳವಾದದ್ದು ಇನ್ನೊಂದಿಲ್ಲ. ಬ್ಯಾಂಕಿನಲ್ಲಿ ದುಡಿಯುವ ಬಂಡವಾಳದ ಸಾಲ ಕೇಳುವಾಗಲೇ ಒಂದು ನಮೂನೆ ತುಂಬಿ ಸಹಿ ಹಾಕಿದರೆ ಆಯಿತು, ಬಿಜಿಕೆಗೆ ಬೇರೆ ಅರ್ಜಿ ಇಲ್ಲ. ಅದರ ಮೂಲ ಸೂತ್ರ, ಸಾಲದ ಶೇ 60ಕ್ಕೆ ಖಾತರಿ, ಖಾತರಿ ಮೊತ್ತದ ಮೇಲೆ ವರ್ಷಕ್ಕೆ ಶೇ 0.5 ಶುಲ್ಕ. 10,00,000 ಝ್ಲೋಟಿ ಸಾಲಕ್ಕೆ ಖಾತರಿ 6,00,000, ಶುಲ್ಕ ವರ್ಷಕ್ಕೆ 3,000 ಝ್ಲೋಟಿ. ಮನೆ ಅಡಮಾನ ಇಟ್ಟರೆ ಆಗುವ ಮೌಲ್ಯಮಾಪನ, ನೋಂದಣಿ ಖರ್ಚಿಗೆ ಹೋಲಿಸಿದರೆ ಇದು ಚಿಲ್ಲರೆ ಕಾಸು. ಆದರೆ ಸಾಲಗಾರರು ಬಿಜಿಕೆ ಹೆಸರಿಗೆ, ಮೊತ್ತ ಬರೆಯದ ಖಾಲಿ ಪ್ರಾಮಿಸರಿ ನೋಟಿಗೆ ಸಹಿ ಹಾಕಿಕೊಡಬೇಕು. ಹೆದರುವವರು ಹೆದರುವುದು ಅದಕ್ಕೆ.

ನೇರ ಬಾಗಿಲು: ಸ್ವೀಡನ್, ಫಿನ್ಲೆಂಡ್, ವೇಲ್ಸ್

ಆಲ್ಮಿ 1994ರಿಂದ ಇದೆ. ಮಾತೃ ಕಂಪನಿ ಸರ್ಕಾರದ್ದು, ಪ್ರಾದೇಶಿಕ ಕಂಪನಿಗಳಲ್ಲಿ ಶೇ 49 ಪಾಲು ಆಯಾ ಪ್ರಾಂತ್ಯದ್ದು. ಬ್ಯಾಂಕು ಕೊಡಲು ಒಪ್ಪುವ ಕಡೆ ಕೈಹಾಕಬಾರದು ಎಂಬುದು ಅದರ ನಿಯಮ. ಹೆಚ್ಚು ಅಪಾಯ ಹೊರುತ್ತದೆ, ಹೆಚ್ಚು ಬಡ್ಡಿ ಹಾಕುತ್ತದೆ. "ಸರ್ಕಾರಿ ಸಂಸ್ಥೆಯಾಗಿ ಇಷ್ಟು ಬಡ್ಡಿಯೇ" ಎಂದು ಸಿಡುಕುವವರಿಗೆ ಉತ್ತರ ಇದೇ: ಅದು ಬ್ಯಾಂಕಿಗೆ ಪೈಪೋಟಿ ಕೊಡಲು ಬಂದದ್ದಲ್ಲ. ಆಲ್ಮಿಯ ಸಾಲ ಒಪ್ಪಿಗೆಯಾದರೆ ಉಳಿದ ಮೊತ್ತಕ್ಕೆ ಬ್ಯಾಂಕು ತಾನಾಗಿ ಮುಂದೆ ಬರುತ್ತದೆ. ಎರಡರ ಸರಾಸರಿ ಬಡ್ಡಿ ನೋಡಿದರೆ ಅಷ್ಟೇನೂ ಭಾರವಾಗುವುದಿಲ್ಲ.

ಫಿನ್ಲೆಂಡಿನ ಫಿನ್‌ವೇರಾ 1999ರಲ್ಲಿ ಎರಡು ಸಂಸ್ಥೆಗಳ ವಿಲೀನದಿಂದ ಆದದ್ದು. ನೇರ ಸಾಲ, ಬ್ಯಾಂಕ್ ಸಾಲಕ್ಕೆ ಖಾತರಿ, ರಫ್ತು ಖಾತರಿ ಮೂರನ್ನೂ ಅದೇ ನೋಡಿಕೊಳ್ಳುತ್ತದೆ. ರಫ್ತು ಮಾಡುವ ಸಣ್ಣ ಕಂಪನಿಗೆ ಒಂದೇ ಕಡತದಲ್ಲಿ ಕೆಲಸ ಮುಗಿಯುವುದು ದೊಡ್ಡ ಅನುಕೂಲ. ಬ್ರಿಟನ್ನಿನ ಒಳಗೇ ಡೆವಲಪ್‌ಮೆಂಟ್ ಬ್ಯಾಂಕ್ ಆಫ್ ವೇಲ್ಸ್ ಈ ಗುಂಪಿಗೆ ಸೇರಿದ್ದು. 1,000 ಪೌಂಡಿನಿಂದ 1 ಕೋಟಿ ಪೌಂಡಿನವರೆಗೆ ನೇರವಾಗಿ ಕೊಡುತ್ತದೆ.

ಉಳಿದ ಬ್ರಿಟನ್ನಿಗೆ 2014ರಲ್ಲಿ ಶುರುವಾದ, ಶೆಫೀಲ್ಡಿನ ಬ್ರಿಟಿಷ್ ಬಿಸಿನೆಸ್ ಬ್ಯಾಂಕ್. ಅದರ ಹೆಸರು ಮನೆಮಾತಾದದ್ದು 2020ರ ಬೌನ್ಸ್ ಬ್ಯಾಕ್ ಸಾಲದಿಂದ: 2,000ದಿಂದ 50,000 ಪೌಂಡ್, ಬಡ್ಡಿ ಶೇ 2.5, ಬ್ಯಾಂಕಿಗೆ ಸರ್ಕಾರದ ಶೇ 100 ಖಾತರಿ. ನಷ್ಟದಲ್ಲಿ ಒಂದು ಪೈಸೆಯ ಪಾಲೂ ಇಲ್ಲವೆಂದಾದ ಮೇಲೆ ಬ್ಯಾಂಕಿನವರಿಗೆ ಅರ್ಜಿಯನ್ನು ಎರಡು ಸಲ ಓದುವ ಕಾರಣವೇ ಉಳಿಯಲಿಲ್ಲ. ಸುಮಾರು 4,700 ಕೋಟಿ ಪೌಂಡು ಹಂಚಿಕೆಯಾಯಿತು. ವ್ಯವಹಾರವೇ ನಡೆಸದ ಕಂಪನಿಗಳ ಹೆಸರಿನಲ್ಲೂ ಸಾಲ ಎತ್ತಿದರು. ಖಾತರಿ ಶೇ 80ಕ್ಕೋ 70ಕ್ಕೋ ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಇದೇ ಉತ್ತರ. 2024ರ ಜುಲೈನಿಂದ ನಡೆಯುತ್ತಿರುವ ಗ್ರೋತ್ ಗ್ಯಾರಂಟಿ ಯೋಜನೆಯಲ್ಲಿ ಖಾತರಿ ಶೇ 70 ಮಾತ್ರ.

ಇವೆಲ್ಲಕ್ಕಿಂತ ಚಿಕ್ಕ ದೇಶಗಳಲ್ಲಿ ಕೆಎಫ್‌ಡಬ್ಲ್ಯೂ ಅಚ್ಚಿನ ಮರಿಗಳೇ ಹೆಚ್ಚು. ಕ್ರೊಯೇಷಿಯಾದ ಎಚ್‌ಬಿಒಆರ್ 1992ರಲ್ಲಿ ಆ ಮಾದರಿಯಲ್ಲೇ ಆದದ್ದು. ಐರ್ಲೆಂಡಿನ ಎಸ್‌ಬಿಸಿಐಗೆ 2014ರಲ್ಲಿ ಮೊದಲ ಹಣ ಕೊಟ್ಟವರಲ್ಲಿ ಕೆಎಫ್‌ಡಬ್ಲ್ಯೂ ಕೂಡ ಇತ್ತು. ಡಬ್ಲಿನ್ನಿನಲ್ಲಿರುವ ಕನ್ನಡಿಗರು ಉದ್ಯಮ ಸಾಲ ಹುಡುಕುವಾಗ ಎಸ್‌ಬಿಸಿಐ ಶಾಖೆ ಹುಡುಕಬೇಡಿ, ಅದೂ ಬ್ಯಾಂಕುಗಳ ಮೂಲಕವೇ ಕೊಡುವುದು.

ಎಲ್ಲ ದೇಶಕ್ಕೂ ಒಂದೇ ಆದ ಮಿತಿ

ಐರೋಪ್ಯ ಒಕ್ಕೂಟದ ಒಳಗೆ ಸರ್ಕಾರ ಉದ್ಯಮಕ್ಕೆ ಕೊಡುವ ನೆರವಿಗೆ ಬ್ರಸೆಲ್ಸ್ ಕಡಿವಾಣ ಹಾಕಿದೆ. ಸಣ್ಣ ನೆರವಿನ ಮಿತಿ, 2024ರ ಜನವರಿ 1ರಿಂದ, 3 ವರ್ಷದಲ್ಲಿ ಒಂದು ಉದ್ಯಮಕ್ಕೆ 3,00,000 ಯೂರೋ. ಮೊದಲು 2,00,000 ಇತ್ತು. "ನಾನು 3,50,000 ಯೂರೋ ಸಾಲ ತೆಗೆದುಕೊಂಡರೆ ಮಿತಿ ದಾಟಿತಲ್ಲ" ಎಂದು ಹೆದರಬೇಕಿಲ್ಲ. ಲೆಕ್ಕಕ್ಕೆ ಬರುವುದು ಸಾಲವಲ್ಲ, ಅದರಲ್ಲಿ ಅಡಗಿರುವ ರಿಯಾಯಿತಿ.

ಹೀಗೆ ನೋಡಿ. 1,00,000 ಯೂರೋ ಸಾಲ, 5 ವರ್ಷ, ವರ್ಷಕ್ಕೆ 20,000 ಅಸಲು. ಬಡ್ಡಿ ಮಾರುಕಟ್ಟೆಗಿಂತ ಶೇ 2 ಕಡಿಮೆ. ಉಳಿತಾಯ ಮೊದಲ ವರ್ಷ 2,000, ನಂತರ 1,600, 1,200, 800, 400. ಒಟ್ಟು 6,000. ಇಂದಿನ ಬೆಲೆಗೆ ಇಳಿಸಿದರೆ ಇನ್ನೂ ಸ್ವಲ್ಪ ಕಡಿಮೆ. ಮಿತಿಯಲ್ಲಿ ಕಳೆಯುವುದು ಇಷ್ಟೇ. ನಗದು ಅನುದಾನವಾದರೆ ಪೂರ್ತಿ ಮೊತ್ತ ಕಳೆಯುತ್ತದೆ. ಒಂದೇ ಒಡೆತನದ ಎರಡು ಕಂಪನಿಗಳಿದ್ದರೆ ಎರಡೂ ಸೇರಿ ಒಂದು ಉದ್ಯಮ. ಪ್ರತಿ ಸಲ ನೆರವು ಸಿಕ್ಕಾಗ ಕೊಡುವ ಪ್ರಮಾಣಪತ್ರವನ್ನು ಕಡತದಲ್ಲಿಡಿ. 2026ರಿಂದ ಈ ನೆರವುಗಳು ಕಡ್ಡಾಯವಾಗಿ ಸಾರ್ವಜನಿಕ ದಾಖಲೆಗೆ ಹೋಗುತ್ತವೆ, ಮರೆತೆ ಎನ್ನುವ ಮಾತು ನಡೆಯುವುದಿಲ್ಲ. ಒಕ್ಕೂಟ ಬಿಟ್ಟ ಬ್ರಿಟನ್ನಿನಲ್ಲಿ ಇಂಥದೇ ಮಿತಿ 3 ಆರ್ಥಿಕ ವರ್ಷಕ್ಕೆ 3,15,000 ಪೌಂಡ್.

ಈ ಹೆಸರುಗಳಲ್ಲಿ ಕೆಲವನ್ನು ಬೆಂಗಳೂರಿನಲ್ಲೂ ಕೇಳಿರುತ್ತೀರಿ. ನಮ್ಮ ಮೆಟ್ರೋ ಎರಡನೇ ಹಂತದ ಕಾಳೇನ ಅಗ್ರಹಾರ–ನಾಗವಾರ ಮಾರ್ಗಕ್ಕೆ ಐರೋಪ್ಯ ಹೂಡಿಕೆ ಬ್ಯಾಂಕು 50 ಕೋಟಿ ಯೂರೋ ಸಾಲ ಕೊಟ್ಟಿದೆ, ಎರಡನೇ ಹಂತಕ್ಕೆ ಫ್ರಾನ್ಸಿನ ಎಎಫ್‌ಡಿ 20 ಕೋಟಿ ಯೂರೋ. ಮೊದಲನೆಯದು ಯಾವ ಒಂದು ದೇಶದ್ದೂ ಅಲ್ಲ, ಒಕ್ಕೂಟದ ಎಲ್ಲ ದೇಶಗಳದ್ದು. ಎರಡನೆಯದು ಫ್ರಾನ್ಸಿನದೇ, ಆದರೆ ಹೊರದೇಶಗಳಿಗೆ ಸಾಲ ಕೊಡುವ ಬೇರೆ ಸಂಸ್ಥೆ, ಬಿಪಿಐಫ್ರಾನ್ಸ್ ಅಲ್ಲ.

ಕೊನೆಗೆ, ಯಾವ ದೇಶದ ಸಾಲಪತ್ರಕ್ಕೆ ಸಹಿ ಹಾಕುವಾಗಲೂ ಬಡ್ಡಿಯ ಸಾಲಿನ ಕೆಳಗಿನ ಸಣ್ಣಕ್ಷರ ಓದಿ. ಅವಧಿಗೆ ಮುಂಚೆ ತೀರಿಸಿದರೆ ದಂಡವಿದೆಯೇ? ಮಂಜೂರಾದ ಹಣವನ್ನು ತೆಗೆಯದೆ ಬಿಟ್ಟರೆ ಏನು? ಕೆಎಫ್‌ಡಬ್ಲ್ಯೂ ಸಾಲಗಳಲ್ಲಿ, ಕಾರ್ಯಕ್ರಮಕ್ಕೆ ತಕ್ಕಂತೆ ನಿಗದಿಯಾದ ತಿಂಗಳುಗಳು ಕಳೆದ ಮೇಲೆ, ಎತ್ತದೆ ಉಳಿದ ಮೊತ್ತದ ಮೇಲೆ ತಿಂಗಳಿಗೆ ಶೇ 0.15 ಶುಲ್ಕ ಬೀಳುವುದು ಸಾಮಾನ್ಯ. ಕಟ್ಟಡದ ಪರವಾನಗಿ ತಡವಾಗಿ 50,000 ಯೂರೋ ಹಾಗೇ ಉಳಿದರೆ ತಿಂಗಳಿಗೆ 75 ಯೂರೋ. ಪರವಾನಗಿ ಕೈಗೆ ಬರುವ ತಾರೀಕು ಗೊತ್ತಾಗದೆ ಸಾಲ ಮಂಜೂರು ಮಾಡಿಸಿಕೊಳ್ಳಲು ಅವಸರ ಮಾಡಬೇಡಿ.